ಪಿಸ್ತೂಲಿನ ಪರವಾನಗಿ: ಕಾನೂನು ಕೇಳುವುದೇನು, ಕಡತ ನಿಲ್ಲುವುದೆಲ್ಲಿ

ಬಂದೂಕಿನ ಪರವಾನಗಿಗೆ ಅರ್ಜಿ ಹಾಕಿ ಬೇಸತ್ತವರ ಮಾತು ಕೇಳುತ್ತ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪರವಾನಗಿ ಸಿಗಲಿಲ್ಲ ಎಂಬುದು ಅವರಲ್ಲಿ ಹೆಚ್ಚಿನವರ ದೂರಲ್ಲ. ಕೊಡುತ್ತೇವೆಂದೂ ಹೇಳಲಿಲ್ಲ, ಕೊಡುವುದಿಲ್ಲವೆಂದೂ ಹೇಳಲಿಲ್ಲ ಎಂಬುದು ದೂರು. ಅರ್ಜಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸ್ವೀಕೃತವಾಗಿದೆ, ಅಲ್ಲಿಂದ ಎಸ್‌ಪಿ ಕಚೇರಿಗೆ ಹೋಗಿದೆ, ಠಾಣೆಯವರು ಮನೆಗೆ ಬಂದು ವಿಚಾರಿಸಿಕೊಂಡು ಹೋಗಿದ್ದಾರೆ, ಅದಾದ ಮೇಲೆ ಕಡತ ಎಲ್ಲಿದೆಯೆಂದು ಖಚಿತವಾಗಿ ಹೇಳುವವರು ಯಾರೂ ಇಲ್ಲ. ಬಂದೂಕಿನ ವಿಷಯದಲ್ಲಿ ಕಾನೂನು ಬಿಗಿಯಾಗಿಯೇ ಇರಬೇಕು ಎಂದು ನಂಬಿದವನು ನಾನು. ಆದರೆ ಈ ಮೌನಕ್ಕೂ ಆ ಬಿಗಿಗೂ ಸಂಬಂಧವಿಲ್ಲ. ಅರ್ಜಿದಾರನಿಗೆ ಬರಹದಲ್ಲಿ ಕಾರಣಸಹಿತ ಉತ್ತರ ಸಿಗಬೇಕು ಎಂದು ಹೇಳುವುದು ಅದೇ ಬಿಗಿಯಾದ ಕಾನೂನು. ಆ ಕಾನೂನಿನ ಒಳಗನ್ನು ತಿಳಿದುಕೊಂಡರೆ, ಯಾವ ವಿಳಂಬ ನ್ಯಾಯವಾದದ್ದು, ಯಾವುದು ಅಲ್ಲ ಎಂಬುದು ಸಾಮಾನ್ಯ ಓದುಗರಿಗೂ ಗೊತ್ತಾಗುತ್ತದೆ.

ಈಗ ಜಾರಿಯಲ್ಲಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. 1962ರ ಅಕ್ಟೋಬರ್ 1ರಿಂದ ಅದು ಜಾರಿಗೆ ಬಂತು. ಅದಕ್ಕೆ ಮುಂಚೆ ಇದ್ದದ್ದು ವೈಸ್‌ರಾಯ್ ಲಿಟ್ಟನ್ ಕಾಲದ 1878ರ ಕಾಯ್ದೆ. ಭಾರತೀಯರ ಕೈಯಿಂದ ಆಯುಧವನ್ನು ದೂರವಿಡುವುದೇ ಆ ಹಳೆಯ ಕಾಯ್ದೆಯ ಉದ್ದೇಶವಾಗಿತ್ತು, ಯುರೋಪಿಯನ್ನರಿಗೆ ಅದರಿಂದ ವಿನಾಯಿತಿಯೂ ಇತ್ತು. ಸ್ವತಂತ್ರ ಭಾರತದ ಸಂಸತ್ತು ಹೊಸ ಕಾಯ್ದೆ ಮಾಡಿದಾಗ ಪರವಾನಗಿಯ ಅಗತ್ಯವನ್ನು ಉಳಿಸಿಕೊಂಡಿತು, ಆದರೆ ಪರವಾನಗಿ ಕೊಡುವ ಅಧಿಕಾರಿಗೂ ಕೆಲವು ಕರ್ತವ್ಯಗಳನ್ನು ಬರೆದಿಟ್ಟಿತು. ಅರ್ಜಿದಾರರಿಗೆ ಹೆಚ್ಚಾಗಿ ತಿಳಿಯದೆ ಉಳಿದಿರುವುದು ಈ ಎರಡನೆಯ ಭಾಗ. ಕಾಯ್ದೆಯ ಕೆಳಗೆ ಬರುವ ನಿಯಮಗಳನ್ನು 2016ರಲ್ಲಿ ಹೊಸದಾಗಿ ರೂಪಿಸಲಾಯಿತು, 2019ರಲ್ಲಿ ಕಾಯ್ದೆಗೇ ತಿದ್ದುಪಡಿಯಾಯಿತು.

ಆಯುಧಗಳನ್ನು ಕಾನೂನು ಮುಖ್ಯವಾಗಿ ಎರಡು ಗುಂಪು ಮಾಡಿ ನೋಡುತ್ತದೆ. ಸೇನೆ ಮತ್ತು ಪೊಲೀಸರು ಬಳಸುವ 9 ಎಂಎಂ ಪಿಸ್ತೂಲಿನಂಥವು ನಿಷೇಧಿತ ಬೋರ್ ಎಂಬ ಗುಂಪಿಗೆ ಸೇರುತ್ತವೆ (ಬೋರ್ ಎಂದರೆ ನಳಿಕೆಯ ಒಳಗಿನ ಅಳತೆ). ಅವುಗಳ ಪರವಾನಗಿ ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ, ಸಾಮಾನ್ಯ ನಾಗರಿಕರಿಗೆ ಅದು ಬಹುಮಟ್ಟಿಗೆ ಮುಚ್ಚಿದ ಬಾಗಿಲು. ಉಳಿದವು ನಿಷೇಧಿತವಲ್ಲದ ಬೋರ್. ನಾಗರಿಕರ ಬಳಿ ಕಾಣುವ ಪಾಯಿಂಟ್ 32 ರಿವಾಲ್ವರ್, ಪಾಯಿಂಟ್ 32 ಪಿಸ್ತೂಲು, 12 ಬೋರಿನ ಕೋವಿ ಇವೆಲ್ಲ ಈ ಗುಂಪಿನವು. ಇವಕ್ಕೆ ಜಿಲ್ಲೆಯಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟ್ ಆಗಿರುವ ಜಿಲ್ಲಾಧಿಕಾರಿ ಪರವಾನಗಿ ಪ್ರಾಧಿಕಾರ. ಬೆಂಗಳೂರಿನಂಥ ಕಮಿಷನರೇಟ್ ನಗರದಲ್ಲಿ ಆ ಸ್ಥಾನ ಪೊಲೀಸ್ ಕಮಿಷನರ್ ಅವರದು. 2016ರ ಕೊನೆಯಲ್ಲಿ ದೇಶದಲ್ಲಿ ಸುಮಾರು 33 ಲಕ್ಷ 69 ಸಾವಿರ ಪರವಾನಗಿಗಳಿದ್ದವು, ಅದರಲ್ಲಿ ಸುಮಾರು 12 ಲಕ್ಷ 77 ಸಾವಿರ ಉತ್ತರ ಪ್ರದೇಶ ಒಂದರಲ್ಲೇ ಇದ್ದವು. ಕರ್ನಾಟಕದ ಪಾಲು ಒಂದು ಲಕ್ಷದ ಆಸುಪಾಸು. ನಮ್ಮಲ್ಲಿ ಅದರ ದೊಡ್ಡ ಭಾಗ ಮಲೆನಾಡು, ಕರಾವಳಿಯ ತೋಟದ ಕೋವಿಗಳದು ಎಂಬುದು ಆ ಕಡೆಯ ಯಾರಿಗೂ ಹೇಳಬೇಕಾದ ಮಾತಲ್ಲ.

ಕೋವಿಗೂ ಪಿಸ್ತೂಲಿಗೂ ಒಂದೇ ನಮೂನೆಯ ಅರ್ಜಿ, ಒಂದೇ ಕಚೇರಿ. ಆದರೆ ಕಾನೂನು ಇವೆರಡನ್ನು ಒಂದೇ ಕಣ್ಣಿನಿಂದ ನೋಡುವುದಿಲ್ಲ. ಕಾಯ್ದೆಯ 13ನೆಯ ಕಲಮಿನ 3ನೆಯ ಉಪಕಲಮನ್ನು ಗಮನವಿಟ್ಟು ಓದಬೇಕು. ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಕೆಯ, ಒಳಗೆ ತಿರುವುಗೆರೆಗಳಿಲ್ಲದ ಕೋವಿಯನ್ನು ಸ್ವರಕ್ಷಣೆಗೋ ಕ್ರೀಡೆಗೋ ಒಬ್ಬ ಭಾರತೀಯ ನಾಗರಿಕ ಕೇಳಿದರೆ, ಅಥವಾ ಬೆಳೆ ರಕ್ಷಣೆಗೆಂದು ಬಾಯಿಂದ ಮದ್ದು ತುಂಬುವ ಕೋವಿಯನ್ನು ರೈತ ಕೇಳಿದರೆ, ಪ್ರಾಧಿಕಾರ ಪರವಾನಗಿಯನ್ನು ಕೊಡತಕ್ಕದ್ದು ಎಂದು ಅಲ್ಲಿದೆ. ನಿರಾಕರಿಸಲು ಬೇರೆ ಕಾರಣಗಳಿಲ್ಲದಿದ್ದರೆ ಕೊಡುವುದೇ ನಿಯಮ. ಮದ್ದು ತುಂಬುವ ಕೋವಿ ಸಾಲದು ಎಂದು ಮನವರಿಕೆಯಾದರೆ ಬೇರೆ ಕೋವಿಗೂ ಪರವಾನಗಿ ಕೊಡಬಹುದು ಎಂಬ ಮಾತೂ ಜೊತೆಗಿದೆ. ಪಿಸ್ತೂಲು, ರಿವಾಲ್ವರ್, ರೈಫಲ್‌ಗಳು ಬರುವುದು ಇದರ ಮುಂದಿನ ಭಾಗದಲ್ಲಿ. ಅಲ್ಲಿ ಅರ್ಜಿದಾರನಿಗೆ ತಕ್ಕ ಕಾರಣವಿದೆ ಎಂದು ಪ್ರಾಧಿಕಾರಕ್ಕೆ ಮನವರಿಕೆಯಾಗಬೇಕು. ಅಂದರೆ ಕೋವಿಯ ಅರ್ಜಿಯಲ್ಲಿ ಏಕೆ ಕೊಡಬಾರದು ಎಂಬುದನ್ನು ಕಚೇರಿ ತೋರಿಸಬೇಕು, ಪಿಸ್ತೂಲಿನ ಅರ್ಜಿಯಲ್ಲಿ ಏಕೆ ಕೊಡಬೇಕು ಎಂಬುದನ್ನು ಅರ್ಜಿದಾರ ತೋರಿಸಬೇಕು. ಕಿಸೆಯಲ್ಲಿ ಅಡಗುವ ಆಯುಧಕ್ಕೆ ಹೆಚ್ಚಿನ ಪರಿಶೀಲನೆ ಬೇಕೆಂಬ ಈ ವ್ಯತ್ಯಾಸ ವಿವೇಕದ್ದು. ವ್ಯವಹಾರದಲ್ಲಿ ಆಗಿರುವುದೇನೆಂದರೆ, ಪಿಸ್ತೂಲಿಗೆ ಇರುವ ಅನುಮಾನವನ್ನು ಕೋವಿಗೂ ಅನ್ವಯಿಸಿ, ಎರಡೂ ಕಡತಗಳನ್ನು ಒಂದೇ ರಾಶಿಯಲ್ಲಿ ಇಡಲಾಗುತ್ತಿದೆ.

ತಕ್ಕ ಕಾರಣ ಎಂದರೆ ಏನು? 2016ರ ನಿಯಮಗಳು ಇದಕ್ಕೆ ಕೆಲವು ಗುರುತುಗಳನ್ನು ಕೊಡುತ್ತವೆ. ವ್ಯಾಪಾರ, ವೃತ್ತಿ ಅಥವಾ ಕೆಲಸದ ಸ್ವರೂಪದಿಂದಲೇ ಜೀವಕ್ಕೋ ಆಸ್ತಿಗೋ ರಕ್ಷಣೆ ಬೇಕಾದವರು, ಶೂಟಿಂಗ್ ಕ್ರೀಡೆಯಲ್ಲಿ ನಿಜವಾಗಿ ತೊಡಗಿಕೊಂಡವರು, ಸೇನೆ, ಅರೆಸೇನೆ ಅಥವಾ ಪೊಲೀಸ್ ಸೇವೆಯಲ್ಲಿದ್ದು ಆಯುಧದ ಅಗತ್ಯವಿರುವವರು ಎಂಬ ಬಗೆಗಳು ಅಲ್ಲಿವೆ. ಚಿನ್ನದ ವ್ಯಾಪಾರಿ, ಪೆಟ್ರೋಲ್ ಬಂಕಿನ ಹಣವನ್ನು ಬ್ಯಾಂಕಿಗೆ ಒಯ್ಯುವವನು, ಊರಿಂದ ದೂರ ಎಸ್ಟೇಟಿನಲ್ಲಿ ಒಂಟಿಮನೆಯಲ್ಲಿ ಇರುವವರು ಈ ಬಗೆಗಳಲ್ಲಿ ಬರುತ್ತಾರೆ ಎಂದು ಓದಿದವರಿಗೆ ಅನ್ನಿಸುತ್ತದೆ. ಆದರೆ ಠಾಣೆಯಲ್ಲಿ ಕೇಳುವ ಪ್ರಶ್ನೆ ಬೇರೆಯದು: ನಿಮಗೆ ಯಾರಿಂದ ಬೆದರಿಕೆ ಇದೆ, ಅದರ ಬಗ್ಗೆ ದೂರು ಕೊಟ್ಟಿದ್ದೀರಾ? ದೂರು ಕೊಟ್ಟಿಲ್ಲವೆಂದರೆ, ಅರ್ಜಿದಾರರಿಗೆ ಯಾವುದೇ ಜೀವ ಬೆದರಿಕೆ ಕಂಡುಬಂದಿಲ್ಲ ಎಂದು ಷರಾ ಬರೆಯುತ್ತಾರೆ. ದೂರು ಕೊಟ್ಟಿದ್ದರೆ, ಅರ್ಜಿದಾರರಿಗೂ ಇಂಥವರಿಗೂ ವೈಷಮ್ಯವಿದ್ದು ಆಯುಧ ದುರ್ಬಳಕೆಯಾಗುವ ಸಂಭವವಿದೆ ಎಂದು ಬರೆಯುತ್ತಾರೆ. ಎರಡೂ ವಾಕ್ಯಗಳು ಪ್ರತ್ಯೇಕವಾಗಿ ಸರಿಯಾಗಿರಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಮಾತ್ರ, ಯಾವ ಅರ್ಜಿದಾರನೂ ದಾಟಲಾಗದ ಬೇಲಿ ಎದ್ದಿರುವುದು ಕಾಣುತ್ತದೆ. ವೃತ್ತಿಯ ಸ್ವರೂಪದಿಂದ ಬರುವ ಅಗತ್ಯವನ್ನು ನಿಯಮವೇ ಒಪ್ಪಿರುವಾಗ, ಹೆಸರು ಹಿಡಿದು ಹೇಳಬಹುದಾದ ಒಬ್ಬ ಶತ್ರು ಇರಲೇಬೇಕು ಎಂದು ಪಟ್ಟು ಹಿಡಿಯುವುದು ನಿಯಮಕ್ಕೆ ಹೊಸ ಷರತ್ತನ್ನು ಸೇರಿಸಿದಂತೆ.

ಅರ್ಜಿಯ ದಾರಿಯನ್ನು ಹಂತ ಹಂತವಾಗಿ ನೋಡಿದರೆ ವಿಳಂಬ ಎಲ್ಲಿ ಸೇರಿಕೊಳ್ಳುತ್ತದೆಂದು ತಿಳಿಯುತ್ತದೆ. ಎ-1 ನಮೂನೆಯ ಅರ್ಜಿಯನ್ನು ಈಗ ಕೇಂದ್ರದ ಆನ್‌ಲೈನ್ ವ್ಯವಸ್ಥೆಯಲ್ಲಿ ತುಂಬಬೇಕು, ಆಮೇಲೆ ಅದರ ಮುದ್ರಿತ ಪ್ರತಿ, ದಾಖಲೆಗಳು, ಫೋಟೋಗಳು ಎಲ್ಲವನ್ನೂ ಕಚೇರಿಗೆ ಒಯ್ದು ಕೊಡಬೇಕು. ಆನ್‌ಲೈನ್ ಅರ್ಜಿ ಕಾಗದದ ಅರ್ಜಿಯನ್ನು ತಪ್ಪಿಸಲಿಲ್ಲ, ಅದರ ಜೊತೆಗೆ ಇನ್ನೊಂದು ಕೆಲಸವಾಯಿತು ಅಷ್ಟೆ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಎಂಎಜಿ ಶಾಖೆ ಎಂದು ಕರೆಯುವ ಮ್ಯಾಜಿಸ್ಟ್ರೇಟ್ ಶಾಖೆಯ ಕೇಸ್ ವರ್ಕರ್ ಒಂದು ಕಡತ ತೆರೆಯುತ್ತಾರೆ. ಅಲ್ಲಿಂದ ಎಸ್‌ಪಿ ಅವರಿಗೆ ಪತ್ರ, ಎಸ್‌ಪಿ ಕಚೇರಿಯಿಂದ ಡಿವೈಎಸ್‌ಪಿ, ಅಲ್ಲಿಂದ ಸರ್ಕಲ್ ಇನ್‌ಸ್ಪೆಕ್ಟರ್, ಅಲ್ಲಿಂದ ಠಾಣೆ, ಠಾಣೆಯಲ್ಲಿ ಬೀಟಿನ ಪೇದೆ. ಬೆಳೆ ರಕ್ಷಣೆಯ ಕೋವಿಯಾದರೆ ತಹಸೀಲ್ದಾರರಿಗೆ ಇನ್ನೊಂದು ಪತ್ರ ಹೋಗುತ್ತದೆ, ಅದು ಕಂದಾಯ ನಿರೀಕ್ಷಕರ ಮೂಲಕ ಗ್ರಾಮ ಆಡಳಿತ ಅಧಿಕಾರಿಗೆ ಇಳಿಯುತ್ತದೆ. ಕಾಡಂಚಿನ ಜಮೀನಾದರೆ ಅರಣ್ಯ ಇಲಾಖೆಯ ಅಭಿಪ್ರಾಯವನ್ನೂ ಕೇಳುವುದುಂಟು. ಇಳಿದ ಪತ್ರ ಅದೇ ಮೆಟ್ಟಿಲುಗಳನ್ನು ಹತ್ತಿ ಮೇಲೆ ಬರಬೇಕು, ಪ್ರತಿ ಮೆಟ್ಟಿಲಿನಲ್ಲಿ ಒಂದು ಟಪಾಲು ಪುಸ್ತಕ, ಒಂದು ಸಹಿ, ರಜೆಯಲ್ಲಿರುವ ಅಥವಾ ವರ್ಗವಾದ ಒಬ್ಬ ಅಧಿಕಾರಿ.

ನನಗೆ ಹತ್ತಿರದಿಂದ ಗೊತ್ತಿರುವ ಒಂದು ಕಡತದ ಕಥೆ ಹೇಳುತ್ತೇನೆ. ಅರ್ಜಿದಾರರು ಅಡಿಕೆ ಬೆಳೆಗಾರರು, ಜೊತೆಗೆ ಮಂಡಿ ವ್ಯವಹಾರ ಇದ್ದವರು, ರಿವಾಲ್ವರಿಗೆ ಅರ್ಜಿ ಹಾಕಿದ್ದರು. ಠಾಣೆಯಿಂದ ಬಂದ ಪೇದೆ ಅಂಗಳದಲ್ಲಿ ಕುಳಿತು, ನೆರೆಮನೆಯ ಇಬ್ಬರ ಹೇಳಿಕೆ ಬರೆದುಕೊಂಡು, ಬೀರುವನ್ನು ನೋಡಿ, ಮಕ್ಕಳೆಷ್ಟು, ಕುಡಿತ ಇದೆಯೇ ಎಂದೆಲ್ಲ ಸೌಜನ್ಯದಿಂದಲೇ ಕೇಳಿ, ಅನುಕೂಲವಾದ ವರದಿಯನ್ನೇ ಬರೆದರು. ಆ ವರದಿ ಮೇಲಿನ ಕಚೇರಿಯೊಂದರಿಂದ ವಾಪಸು ಬಂತು. ಪಹಣಿಯಲ್ಲಿ ಅವರ ಹೆಸರಿನ ಮುಂದೆ ತಂದೆಯ ಹೆಸರು ಪೂರ್ತಿಯಾಗಿದೆ, ಆಧಾರ್‌ನಲ್ಲಿ ಇನಿಷಿಯಲ್ ಮಾತ್ರ ಇದೆ ಎಂಬುದು ಕಾರಣ. ಅದನ್ನು ಸರಿಪಡಿಸಲು ಅಫಿಡವಿಟ್ ಕೊಟ್ಟಾಗ ಠಾಣೆಗೆ ಹೊಸ ಅಧಿಕಾರಿ ಬಂದಿದ್ದರು, ಹಳೆಯ ವರದಿಯ ಅವಧಿ ಮೀರಿದೆ, ಹೊಸದಾಗಿ ವಿಚಾರಣೆ ಮಾಡಬೇಕು ಎಂದರು. ಇದರಲ್ಲಿ ಯಾರೂ ಲಂಚ ಕೇಳಲಿಲ್ಲ, ಯಾರೂ ಒರಟಾಗಿ ಮಾತಾಡಲಿಲ್ಲ. ಪ್ರತಿಯೊಬ್ಬರೂ ತಮ್ಮ ಮೇಜಿನ ಮಟ್ಟಿಗೆ ಎಚ್ಚರದಿಂದಲೇ ನಡೆದುಕೊಂಡರು. ಆದರೂ ಆ ಅರ್ಜಿ ಎಲ್ಲಿ ಶುರುವಾಗಿತ್ತೋ ಅಲ್ಲಿಗೇ ಬಂದು ನಿಂತಿತು. ಇಂಥ ಪ್ರಸಂಗದಲ್ಲಿ ಮನುಷ್ಯನಿಗೆ ಆಗುವ ಹತಾಶೆ, ಮುಖಕ್ಕೆ ಹೊಡೆದ ಹಾಗೆ ಇಲ್ಲ ಎಂದಾಗ ಆಗುವುದಕ್ಕಿಂತ ಹೆಚ್ಚಿನದು, ಏಕೆಂದರೆ ಸಿಟ್ಟು ಮಾಡಿಕೊಳ್ಳಲು ಎದುರಿಗೆ ಯಾರೂ ಇರುವುದಿಲ್ಲ.

ಈ ಸರಪಳಿಯನ್ನು ಕಾಯ್ದೆ ಮಾಡಿದವರು ಊಹಿಸಿರಲಿಲ್ಲ ಎಂದು ತಿಳಿಯಬಾರದು. ಕಾಯ್ದೆ ಕೇಳುವುದು ಹತ್ತಿರದ ಠಾಣೆಯ ಅಧಿಕಾರಿಯ ವರದಿಯನ್ನು. ಅದನ್ನು ನಿಗದಿತ ಸಮಯದೊಳಗೆ ಕಳಿಸಬೇಕು ಎಂದೂ ಹೇಳುತ್ತದೆ. ಆ ಸಮಯ ಮೂವತ್ತು ದಿನ ಎಂದು 2016ರ ನಿಯಮಗಳು ಗೊತ್ತುಪಡಿಸಿವೆ. ಮೂವತ್ತು ದಿನದಲ್ಲಿ ವರದಿ ಬಾರದಿದ್ದರೆ? 1983ರ ತಿದ್ದುಪಡಿಯಲ್ಲಿ ಸೇರಿಸಿದ 13(2ಎ) ಉಪಕಲಮಿನಲ್ಲಿ ಇದಕ್ಕೆ ಉತ್ತರವಿದೆ: ಪ್ರಾಧಿಕಾರ ಸೂಕ್ತವೆಂದು ಕಂಡರೆ ವರದಿಗಾಗಿ ಇನ್ನಷ್ಟು ಕಾಯದೆ ತೀರ್ಮಾನ ಮಾಡಬಹುದು. ಈ ಒಂದು ಮಾತು ಇಡೀ ಕಾಯ್ದೆಯಲ್ಲಿ ಅರ್ಜಿದಾರನ ಪಾಲಿಗೆ ಅತ್ಯಂತ ಬೆಲೆಯುಳ್ಳದ್ದು, ಅತ್ಯಂತ ಕಡಿಮೆ ಬಳಕೆಯಾಗುವುದೂ ಇದೇ. ಬಳಸದಿರುವುದಕ್ಕೆ ಕಾರಣ ಊಹಿಸಲಾಗದ್ದೇನಲ್ಲ. ಪೊಲೀಸ್ ವರದಿ ಇಲ್ಲದೆ ಪರವಾನಗಿ ಕೊಟ್ಟ ಜಿಲ್ಲಾಧಿಕಾರಿಯ ಸಹಿ, ನಾಳೆ ಆ ರಿವಾಲ್ವರಿನಿಂದ ಅನಾಹುತವಾದರೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ವರದಿಗಾಗಿ ಎರಡು ವರ್ಷ ಕಾದ ಕಡತ ಯಾರ ಕಣ್ಣಿಗೂ ಬೀಳುವುದಿಲ್ಲ. ಕೊಟ್ಟದ್ದಕ್ಕೆ ಹೊಣೆಯಿದೆ, ಕೊಡದೆ ಇಟ್ಟುಕೊಂಡದ್ದಕ್ಕೆ ಹೊಣೆಯಿಲ್ಲ. ಅಧಿಕಾರಿಗಳ ವ್ಯಕ್ತಿಗತ ಗುಣಕ್ಕಿಂತ ಈ ಅಸಮತೋಲವೇ ವಿಳಂಬದ ಬೇರು ಎಂಬುದು ನನ್ನ ಅಭಿಪ್ರಾಯ.

ಅಧಿಕಾರಿಗಳ ಹಿಂಜರಿಕೆಗೆ ಆಧಾರವೇ ಇಲ್ಲ ಎನ್ನುವುದೂ ಸರಿಯಲ್ಲ. ಜಮ್ಮು ಮತ್ತು ಕಾಶ್ಮೀರದಲ್ಲಿ 2012ರಿಂದ 2016ರ ನಡುವೆ ಅರ್ಹರಲ್ಲದವರಿಗೆ 2.78 ಲಕ್ಷಕ್ಕೂ ಹೆಚ್ಚು ಪರವಾನಗಿಗಳನ್ನು ಕೊಡಲಾಗಿದೆ ಎಂಬ ಆರೋಪದ ಮೇಲೆ ಸಿಬಿಐ ತನಿಖೆ ನಡೆಸಿತು, ಹಿಂದೆ ಜಿಲ್ಲಾ ಮ್ಯಾಜಿಸ್ಟ್ರೇಟರಾಗಿದ್ದವರ ಮನೆಗಳ ಮೇಲೂ ಶೋಧ ನಡೆಯಿತು. ಮದುವೆ ಮೆರವಣಿಗೆಗಳಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಜನ ಸಾಯುವುದು ಉತ್ತರದ ರಾಜ್ಯಗಳಲ್ಲಿ ಎಷ್ಟು ಸಾಮಾನ್ಯವಾಗಿತ್ತೆಂದರೆ, 2019ರ ತಿದ್ದುಪಡಿಯಲ್ಲಿ ಅದನ್ನೇ ಪ್ರತ್ಯೇಕ ಅಪರಾಧವನ್ನಾಗಿ ಮಾಡಿ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬೇಕಾಯಿತು. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿದ್ದೂ ಅದೇ ತಿದ್ದುಪಡಿ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರ ಪೀಠ, ಅಮೆರಿಕದ ಸಂವಿಧಾನದಲ್ಲಿರುವಂತೆ ಆಯುಧ ಹೊಂದುವ ಮೂಲಭೂತ ಹಕ್ಕನ್ನು ನಮ್ಮ ಸಂವಿಧಾನ ಕೊಟ್ಟಿಲ್ಲ ಎಂದು ನೆನಪಿಸಿತು. ಅದು ಪರವಾನಗಿಯಿಲ್ಲದ ಆಯುಧಗಳ ಹಾವಳಿಯ ಬಗ್ಗೆ ಕಳವಳದಿಂದ ಹೇಳಿದ ಮಾತು ಎಂಬುದನ್ನು ಗಮನಿಸಬೇಕು. ಪಿಸ್ತೂಲು ಹೊಂದುವುದು ಹಕ್ಕಲ್ಲ, ಒಪ್ಪೋಣ. ಆದರೆ ಅರ್ಜಿಗೆ ಉತ್ತರ ಪಡೆಯುವುದು ಕಾಯ್ದೆಯೇ ಕೊಟ್ಟ ಹಕ್ಕು, ಅದನ್ನು ಇದರಲ್ಲಿ ಕರಗಿಸಿಬಿಡುವಂತಿಲ್ಲ.

ದಾಖಲೆಗಳ ವಿಷಯಕ್ಕೆ ಬಂದರೆ, ಗುರುತು, ವಿಳಾಸ, ವಯಸ್ಸಿನ ಪುರಾವೆಗಳ ಜೊತೆಗೆ ವೈದ್ಯರಿಂದ ದೈಹಿಕ ಮತ್ತು ಮಾನಸಿಕ ಆರೋಗ್ಯದ ಪ್ರಮಾಣಪತ್ರ, ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿ ಪಡೆದ ಪ್ರಮಾಣಪತ್ರ ಬೇಕು. ಇಪ್ಪತ್ತೊಂದು ವರ್ಷ ತುಂಬಿರಬೇಕು. ತರಬೇತಿಯ ಷರತ್ತು ಅತ್ಯಂತ ಒಳ್ಳೆಯದು. ಪಿಸ್ತೂಲು ಹಿಡಿಯಲು ಬಾರದವನ ಕೈಯಲ್ಲಿ ಅದು ಮೊದಲು ಅವನ ಮನೆಯವರಿಗೇ ಅಪಾಯ. ನಮ್ಮ ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆಯೇ ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುತ್ತದೆ, ಸಶಸ್ತ್ರ ಮೀಸಲು ಪಡೆಯ ಮೈದಾನದಲ್ಲಿ ನುರಿತ ಸಿಬ್ಬಂದಿ ತಾಳ್ಮೆಯಿಂದ ಹೇಳಿಕೊಡುತ್ತಾರೆ. ತೊಂದರೆ ಇರುವುದು ಶಿಬಿರ ಯಾವಾಗ ಎಂಬುದರಲ್ಲಿ. ಸಾಕಷ್ಟು ಅಭ್ಯರ್ಥಿಗಳು ಸೇರಿದಾಗ, ಬಂದೋಬಸ್ತಿನ ಕೆಲಸ ಇಲ್ಲದಾಗ ನಡೆಯುವ ಶಿಬಿರಕ್ಕೆ ಕಾದು ಕೂತವರ ಅರ್ಜಿ, ತರಬೇತಿ ಪ್ರಮಾಣಪತ್ರ ಲಗತ್ತಿಸಿಲ್ಲ ಎಂಬ ಹಿಂಬರಹದೊಂದಿಗೆ ವಾಪಸಾಗುತ್ತದೆ. ತರಬೇತಿ ಕಡ್ಡಾಯ ಮಾಡಿದ ಸರ್ಕಾರ ಅದನ್ನು ಗೊತ್ತಾದ ದಿನಾಂಕಗಳಲ್ಲಿ ಒದಗಿಸುವ ಹೊಣೆಯನ್ನೂ ಹೊರಬೇಕು.

ಪರವಾನಗಿ ಕೈಗೆ ಬಂದ ಮೇಲಿನ ಕೆಲಸ ಬೇಗ ಹೇಳಿ ಮುಗಿಸಬಹುದು. ಪ್ರತಿ ಪರವಾನಗಿಗೂ ರಾಷ್ಟ್ರೀಯ ದತ್ತಾಂಶದಲ್ಲಿ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಇರುತ್ತದೆ. ನಿಗದಿತ ಅವಧಿಯಲ್ಲಿ ಅಧಿಕೃತ ವ್ಯಾಪಾರಿಯಿಂದ ಆಯುಧ ಖರೀದಿಸಿ, ಅದರ ಸಂಖ್ಯೆಯನ್ನು ಪರವಾನಗಿಯಲ್ಲಿ ದಾಖಲಿಸಿಕೊಳ್ಳಬೇಕು. 1980ರ ದಶಕದಿಂದ ಸಾಮಾನ್ಯರಿಗೆ ವಿದೇಶಿ ಆಯುಧಗಳ ಆಮದು ನಿಂತಿರುವುದರಿಂದ, ಹೊಸದು ಬೇಕೆಂದರೆ ಬಹುಮಟ್ಟಿಗೆ ದೇಶದ ಆಯುಧ ಕಾರ್ಖಾನೆಗಳದ್ದೇ ಗತಿ. 2014ರಲ್ಲಿ ಕಾನ್ಪುರದ ಕಾರ್ಖಾನೆ ಮಹಿಳೆಯರನ್ನು ಗಮನದಲ್ಲಿಟ್ಟು ತಂದ ಅರ್ಧ ಕಿಲೋ ತೂಕದ ನಿರ್ಭೀಕ್ ರಿವಾಲ್ವರಿನ ಬೆಲೆ ಆಗಲೇ 1.22 ಲಕ್ಷ ರೂಪಾಯಿ ಇತ್ತು. ಹೀಗಾಗಿ ಪಿಸ್ತೂಲಿನ ಪರವಾನಗಿ ಎಂಬುದು ಉಳ್ಳವರ ವಿಷಯವೇ ಆಗಿ ಕಾಣುತ್ತದೆ. ಆದರೆ ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸಬಾರದು ಎಂದು ಕಾಯ್ದೆಯ 14ನೆಯ ಕಲಮು ಸ್ಪಷ್ಟವಾಗಿ ಹೇಳಿದೆ. ವರಮಾನ ತೆರಿಗೆಯ ವಿವರ ತನ್ನಿ ಎಂದು ಗಟ್ಟಿಯಾಗಿ ಕೇಳುವ ಕಚೇರಿಗಳು ಈ ಮಾತನ್ನು ಮತ್ತೊಮ್ಮೆ ಓದಬೇಕು.

ಹೊಸ ಅರ್ಜಿಗಿಂತ ಹೆಚ್ಚು ನೋವಿನ ಪ್ರಸಂಗ ಪಿತ್ರಾರ್ಜಿತ ಆಯುಧದ್ದು. ಪರವಾನಗಿದಾರ ತೀರಿಕೊಂಡ ದಿನದಿಂದ ಆ ಬಂದೂಕಿಗೆ ಕಾನೂನಿನ ರಕ್ಷಣೆ ಇರುವುದಿಲ್ಲ. ಮನೆಯವರು ಅನಗತ್ಯ ವಿಳಂಬವಿಲ್ಲದೆ ಅದನ್ನು ಹತ್ತಿರದ ಠಾಣೆಯಲ್ಲೋ ಅಧಿಕೃತ ವ್ಯಾಪಾರಿಯ ಬಳಿಯೋ ಠೇವಣಿ ಇಡಬೇಕು ಎಂಬುದು 21ನೆಯ ಕಲಮಿನ ಆದೇಶ. ದುಃಖದ ಮನೆಯಲ್ಲಿ ಇದು ಯಾರ ನೆನಪಿಗೂ ಬರುವುದಿಲ್ಲ. ಉತ್ತರಕ್ರಿಯೆ ಮುಗಿದು ಕೆಲವು ತಿಂಗಳ ಮೇಲೆ ಅಟ್ಟದ ಪೆಟ್ಟಿಗೆಯಲ್ಲಿ ಅಪ್ಪನ ರಿವಾಲ್ವರ್ ಕಂಡಾಗ ಮಗನಿಗೆ ಭಯವಾಗುತ್ತದೆ. ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಂಡವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು ವರ್ಷದ ಸೆರೆವಾಸವಿರುವುದರಿಂದ ಆ ಭಯ ನ್ಯಾಯವಾದದ್ದೇ. ಠಾಣೆಗೆ ಒಯ್ದರೆ, ಇಷ್ಟು ದಿನ ಏಕೆ ತರಲಿಲ್ಲ ಎಂಬ ಪ್ರಶ್ನೆ. ವಾರಸುದಾರನಾಗಿ ತನ್ನ ಹೆಸರಿಗೆ ಪರವಾನಗಿ ಕೇಳಿದರೆ ಮರಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ. ಒಬ್ಬ ತಂಗಿ ಹೊರದೇಶದಲ್ಲಿದ್ದರೆ ಅವಳ ಸಹಿ ಬರುವವರೆಗೆ ಕಡತ ಮುಂದೆ ಹೋಗುವುದಿಲ್ಲ. ಅಷ್ಟರಲ್ಲಿ ಠೇವಣಿಯಾದ ಆಯುಧ ಮಲೆನಾಡಿನ ಮಳೆಗಾಲದ ಥಂಡಿಯಲ್ಲಿ ಎಣ್ಣೆ ಕಾಣದೆ ತುಕ್ಕು ಹಿಡಿಯುತ್ತಿರುತ್ತದೆ. ಇದಕ್ಕೆ 2016ರ ನಿಯಮಗಳಲ್ಲಿ ಒಂದು ದಾರಿ ಇದೆ, ಬಹಳ ಮಂದಿಗೆ ಗೊತ್ತಿಲ್ಲ. ಪರವಾನಗಿದಾರರಿಗೆ ಎಪ್ಪತ್ತು ವರ್ಷ ತುಂಬಿದರೆ, ಅಥವಾ ಆಯುಧವನ್ನು ಇಪ್ಪತ್ತೈದು ವರ್ಷ ಹೊಂದಿದ್ದರೆ, ಇವೆರಡರಲ್ಲಿ ಯಾವುದು ಮೊದಲೋ ಆಗಲೇ, ಬದುಕಿರುವಾಗಲೇ, ವಾರಸುದಾರರ ಹೆಸರಿಗೆ ಪರವಾನಗಿ ಕೇಳಬಹುದು. ವಯಸ್ಸಾದ ಪರವಾನಗಿದಾರರಿರುವ ಮನೆಯವರು ಈ ಅವಕಾಶವನ್ನು ಬಿಡಬಾರದು.

ಕರ್ನಾಟಕದ ಪರವಾನಗಿದಾರರ ಇನ್ನೊಂದು ಕೊರಗು, ಚುನಾವಣೆ ಮುಗಿಯುವವರೆಗೆ ಆಯುಧವನ್ನು ಠಾಣೆಯಲ್ಲಿ ಠೇವಣಿ ಇಡಬೇಕಾದದ್ದು. 2024ರ ಲೋಕಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ, ಫಲಿತಾಂಶ ಬಂದದ್ದು ಜೂನ್ 4ಕ್ಕೆ. ಅದರ ಹಿಂದಿನ ವರ್ಷ ವಿಧಾನಸಭಾ ಚುನಾವಣೆಗೆ ಮಾರ್ಚ್ ಕೊನೆಯಿಂದ ಮೇ ತಿಂಗಳ ನಡುವಿನವರೆಗೆ ನೀತಿಸಂಹಿತೆ ಇತ್ತು. ಮಂಗಗಳು, ಕಾಡುಹಂದಿಗಳು ತೋಟಕ್ಕೆ ನುಗ್ಗುವ ಕಾಲದಲ್ಲಿ ಕೋವಿ ಠಾಣೆಯಲ್ಲಿರುತ್ತದೆ. ಪಂಚಾಯಿತಿ, ಉಪಚುನಾವಣೆಗಳನ್ನೂ ಸೇರಿಸಿದರೆ ಕೋವಿ ಮನೆಗಿಂತ ಹೆಚ್ಚು ಠಾಣೆಯಲ್ಲೇ ಇದೆಯೇನೋ ಎಂದು ಬೆಳೆಗಾರರು ಹೇಳುವುದರಲ್ಲಿ ಅತಿಶಯೋಕ್ತಿ ಹೆಚ್ಚಿಲ್ಲ. ವಾಸ್ತವದಲ್ಲಿ ಚುನಾವಣಾ ಆಯೋಗದ ಸೂಚನೆ ಕಣ್ಣುಮುಚ್ಚಿ ಎಲ್ಲರ ಆಯುಧವನ್ನೂ ಒಟ್ಟುಮಾಡಿ ಎಂದು ಹೇಳುವುದಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟ್ ಮತ್ತು ಎಸ್‌ಪಿ ಇರುವ ಸ್ಕ್ರೀನಿಂಗ್ ಸಮಿತಿ ಪರವಾನಗಿದಾರರನ್ನು ಪರಿಶೀಲಿಸಿ, ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯವರು, ಗಲಭೆಗಳಲ್ಲಿ ಭಾಗಿಯಾದವರು ಯಾರೆಂದು ಗುರುತಿಸಬೇಕು. ಪ್ರತಿಯೊಬ್ಬರ ವಿಷಯವನ್ನೂ ಪ್ರತ್ಯೇಕವಾಗಿ ನೋಡದೆ ಸಾರಾಸಗಟಾಗಿ ಠೇವಣಿ ಕೇಳುವುದು ಸಲ್ಲದು ಎಂದು ಬಾಂಬೆ ಹೈಕೋರ್ಟ್ 2009ರಲ್ಲಿ ಗೋವಾದ ಪ್ರಕರಣವೊಂದರಲ್ಲಿ ಹೇಳಿತ್ತು. ಸಾವಿರಾರು ಪರವಾನಗಿದಾರರ ಕಡತಗಳನ್ನು ಬಿಡಿಬಿಡಿಯಾಗಿ ನೋಡುವುದಕ್ಕಿಂತ ಒಂದೇ ಪ್ರಕಟಣೆ ಹೊರಡಿಸುವುದು ಸುಲಭ, ಆದ್ದರಿಂದ ಅದೇ ನಡೆಯುತ್ತದೆ. ವಿನಾಯಿತಿ ಬೇಕಾದ ರೈತ ಮತ್ತೆ ಒಂದು ಅರ್ಜಿ ಹಿಡಿದು ಅದೇ ಶಾಖೆಯ ಮುಂದೆ ನಿಲ್ಲಬೇಕು.

ಕೊಡಗಿನ ಮಾತು ಬೇರೆ. 1861ರಷ್ಟು ಹಿಂದೆಯೇ ಬ್ರಿಟಿಷರು ಕೊಡವರಿಗೆ ಕೊಟ್ಟ ವಿನಾಯಿತಿ ಇಂದಿನ ಕಾಯ್ದೆಯ 41ನೆಯ ಕಲಮಿನ ಕೆಳಗೆ ಮುಂದುವರಿದಿದೆ. ಕೊಡವ ಜನಾಂಗದವರೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರೂ ಪರವಾನಗಿಯಿಲ್ಲದೆ ಆಯುಧ ಹೊಂದಬಹುದೆಂಬ ಆದೇಶವನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು, ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ನಾಡಿನಲ್ಲಿ ಬಂದೂಕಿನ ಅಪರಾಧಗಳು ವಿಪರೀತವಾಗಿವೆ ಎಂದು ಯಾರೂ ಹೇಳಿಲ್ಲ. ಹಾಗೆಂದು ಅಲ್ಲಿಯೂ ಕಚೇರಿ ತಪ್ಪಿಲ್ಲ. ವಿನಾಯಿತಿಗೆ ತಾನು ಅರ್ಹ ಎಂಬ ಪ್ರಮಾಣಪತ್ರವನ್ನು ಜಿಲ್ಲಾಡಳಿತದಿಂದಲೇ ಪಡೆಯಬೇಕು. ಇನ್ನೊಂದು ವಿಷಯ ಎಲ್ಲ ಜಿಲ್ಲೆಯವರಿಗೂ ಸಲ್ಲುತ್ತದೆ: ಬಂದೂಕಿನ ಪರವಾನಗಿ ಕಾಡುಪ್ರಾಣಿಯನ್ನು ಕೊಲ್ಲುವ ಪರವಾನಗಿಯಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇರೆಯೇ ಅನುಮತಿ ಬೇಕು.

ಹಾಗಾದರೆ ಅರ್ಜಿದಾರ ಏನು ಮಾಡಬೇಕು? ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಪಡೆಯಬೇಕು, ಏಕೆಂದರೆ ಮುಂದಿನ ಎಲ್ಲ ಲೆಕ್ಕವೂ ಆ ದಿನಾಂಕದಿಂದ ಶುರು. ಪಿಸ್ತೂಲಿಗೆ ಅರ್ಜಿ ಹಾಕುವವರು ಜೀವ ಬೆದರಿಕೆ ಇದೆ ಎಂಬ ಒಂದು ಸಾಲಿನಲ್ಲಿ ನಿಲ್ಲಿಸದೆ, ತಮ್ಮ ವೃತ್ತಿ ಎಂಥದು, ಯಾವ ದಾರಿಯಲ್ಲಿ ಯಾವ ಹೊತ್ತಿನಲ್ಲಿ ಓಡಾಡಬೇಕು, ಮನೆ ಎಷ್ಟು ದೂರದಲ್ಲಿದೆ, ಆಯುಧವನ್ನು ಎಲ್ಲಿ ಬೀಗ ಹಾಕಿ ಇಡುತ್ತಾರೆ ಎಂಬುದನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು ಲಗತ್ತಿಸಬೇಕು. ಠಾಣೆಯ ವರದಿ ಬರೆಯುವವರಿಗೂ ಅದರಿಂದ ಆಧಾರ ಸಿಗುತ್ತದೆ. ಎಲ್ಲ ದಾಖಲೆಗಳಲ್ಲಿ ಹೆಸರು ಮತ್ತು ವಿಳಾಸ ಅಕ್ಷರಶಃ ಒಂದೇ ಇರುವಂತೆ ಮೊದಲೇ ನೋಡಿಕೊಳ್ಳಬೇಕು. ಮೂವತ್ತು ದಿನ ಕಳೆದ ಮೇಲೆ 13(2ಎ) ಉಪಕಲಮನ್ನು ಉಲ್ಲೇಖಿಸಿ ಲಿಖಿತ ಜ್ಞಾಪನ ಕೊಡಬೇಕು. ಕಡತ ಎಲ್ಲಿದೆ, ಯಾವ ದಿನ ಯಾರ ಬಳಿ ಹೋಯಿತು, ಟಿಪ್ಪಣಿ ಹಾಳೆಯಲ್ಲಿ ಏನು ಬರೆದಿದೆ ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಮೇಜಿನ ಮುಂದೆ ನಿಂತು ವಿಚಾರಿಸುವುದಕ್ಕಿಂತ ಈ ಎರಡು ಕಾಗದಗಳು ಹೆಚ್ಚು ಕೆಲಸ ಮಾಡುತ್ತವೆ.

ನಿರಾಕರಿಸಿದರೆ ಅದರ ಕಾರಣಗಳನ್ನು ಪ್ರಾಧಿಕಾರ ಬರಹದಲ್ಲಿ ದಾಖಲಿಸಬೇಕು, ಅರ್ಜಿದಾರ ಕೇಳಿದರೆ ಅದರ ಸಂಕ್ಷಿಪ್ತ ವಿವರ ಕೊಡಬೇಕು, ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗುತ್ತದೆ ಎಂದು ಕಂಡಾಗ ಮಾತ್ರ ಅದನ್ನು ತಡೆಹಿಡಿಯಬಹುದು ಎಂದು 14(3) ಹೇಳುತ್ತದೆ. ಪೊಲೀಸ್ ವರದಿಯ ಹಿನ್ನೆಲೆಯಲ್ಲಿ ತಿರಸ್ಕರಿಸಲಾಗಿದೆ ಎಂಬ ಒಂದೇ ಸಾಲಿನ ಹಿಂಬರಹ ಆ ಕರ್ತವ್ಯವನ್ನು ಪೂರೈಸುವುದಿಲ್ಲ. ಕಾರಣ ಕೈಗೆ ಬಂದರೆ 18ನೆಯ ಕಲಮಿನ ಪ್ರಕಾರ ನಿಗದಿತ ಅವಧಿಯೊಳಗೆ ಮೇಲ್ಮನವಿ ಸಲ್ಲಿಸಬಹುದು, ಅಲ್ಲಿ ಅಹವಾಲು ಹೇಳಿಕೊಳ್ಳಲು ಅವಕಾಶವಿದೆ. ಪರವಾನಗಿ ಇರುವವರ ಮೇಲೆ ಒಂದು ಕ್ರಿಮಿನಲ್ ಕೇಸು ದಾಖಲಾಯಿತೆಂಬ ಮಾತ್ರಕ್ಕೆ ಪರವಾನಗಿ ರದ್ದು ಮಾಡಲಾಗದು ಎಂದು ಅಲಹಾಬಾದ್ ಹೈಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿರುವುದೂ ಇಂಥ ಮೇಲ್ಮನವಿಗಳಲ್ಲಿ ನೆರವಿಗೆ ಬರುತ್ತದೆ.

ಆದರೆ ಮೇಲ್ಮನವಿಗೆ ಒಂದು ಆದೇಶ ಇರಬೇಕು. ಕಡತ ಸುಮ್ಮನೆ ಕೂತಿರುವಾಗ ಪ್ರಶ್ನಿಸಲು ಯಾವ ಆದೇಶವೂ ಇರುವುದಿಲ್ಲ, ಹೀಗೆ ಮೌನವು ಅರ್ಜಿಯ ಜೊತೆಗೆ ಮೇಲ್ಮನವಿಯ ಬಾಗಿಲನ್ನೂ ಮುಚ್ಚುತ್ತದೆ. ಈ ಸ್ಥಿತಿಯಲ್ಲಿ ಉಳಿಯುವುದು ಸಂವಿಧಾನದ 226ನೆಯ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ನಮ್ಮಲ್ಲಿ ಅದನ್ನು ಬೆಂಗಳೂರಿನಲ್ಲಿ, ಇಲ್ಲವೇ ಜಿಲ್ಲೆಗೆ ಅನುಗುಣವಾಗಿ ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ಸಲ್ಲಿಸಬೇಕು. ಪರವಾನಗಿ ಕೊಡಿ ಎಂದು ನ್ಯಾಯಾಲಯ ಸಾಮಾನ್ಯವಾಗಿ ಹೇಳುವುದಿಲ್ಲ. ಬಾಕಿ ಇರುವ ಅರ್ಜಿಯನ್ನು ಇಂತಿಷ್ಟು ವಾರಗಳಲ್ಲಿ ಕಾನೂನಿನ ಪ್ರಕಾರ ಪರಿಗಣಿಸಿ ಆದೇಶ ಮಾಡಿ ಎಂದು ನಿರ್ದೇಶಿಸುತ್ತದೆ. ಸ್ವೀಕೃತಿ, ಜ್ಞಾಪನಗಳು, ಮಾಹಿತಿ ಹಕ್ಕಿನಡಿ ಬಂದ ಉತ್ತರ ಇವುಗಳನ್ನು ಕ್ರಮವಾಗಿ ಜೋಡಿಸಿಟ್ಟುಕೊಂಡವರ ರಿಟ್ ಅರ್ಜಿಯಲ್ಲಿ ವಿವಾದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಆದೇಶದ ದೃಢೀಕೃತ ಪ್ರತಿಯನ್ನು ಎಂಎಜಿ ಶಾಖೆಯಲ್ಲಿ ಕೊಟ್ಟು ಅದಕ್ಕೂ ಸ್ವೀಕೃತಿ ಪಡೆಯಬೇಕು. ನ್ಯಾಯಾಲಯ ಕೊಟ್ಟ ವಾರಗಳ ಎಣಿಕೆ ಬಹುತೇಕ ಆ ಪ್ರತಿ ಕಚೇರಿಗೆ ತಲುಪಿದ ದಿನದಿಂದ ಶುರುವಾಗುತ್ತದೆ.